ನಕ್ಷೆ ಹಿಡಿದು ಕಾದಂಬರಿ ಓದುವುದು

ಕಾದಂಬರಿ ಓದುವಾಗ ಕೈಯಲ್ಲೊಂದು ಪೆನ್ಸಿಲ್ ಇಟ್ಟುಕೊಳ್ಳುತ್ತೇನೆ. ಬೀದಿಯದ್ದೋ ಸೇತುವೆಯದ್ದೋ ಹೆಸರು ಬಂದರೆ ಸಣ್ಣ ಗೆರೆ ಎಳೆದು ಮುಂದೆ ಹೋಗುತ್ತೇನೆ, ಅಷ್ಟೇ. ನಕ್ಷೆ ತೆಗೆಯುವುದು ಎರಡನೇ ಓದಿಗೆ. ಮೊದಲ ಸಲವೇ ಹುಡುಕುತ್ತಾ ಕೂತರೆ ಕಥೆಯ ಓಟ ಕೆಡುತ್ತದೆ, ಊರೂ ಮನಸ್ಸಿಗೆ ಹತ್ತುವುದಿಲ್ಲ.

ಎಲ್ಲ ಕಾದಂಬರಿಯೂ ಇದಕ್ಕೆ ಒಗ್ಗುವುದಿಲ್ಲ. ಪುಟಗಟ್ಟಲೆ ವರ್ಣನೆ ಇದ್ದರೆ ಊರು ಚೆನ್ನಾಗಿ ತಿಳಿಯುತ್ತದೆ ಅನಿಸುತ್ತದೆ, ಅಲ್ವಾ? ನನ್ನ ಮಟ್ಟಿಗೆ ಹಾಗಾಗಿಲ್ಲ. ಪಾತ್ರಗಳು ಕಾಲ್ನಡಿಗೆಯಲ್ಲಿ ಓಡಾಡುವ ಕಥೆಗಳಿಂದಲೇ ನನಗೆ ಜಾಸ್ತಿ ಸಿಕ್ಕಿದೆ.

ದಾಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ (1866) ತೆಗೆದುಕೊಳ್ಳಿ. ಸೇಂಟ್ ಪೀಟರ್ಸ್‌ಬರ್ಗ್ ಎಂದರೆ ಅರಮನೆಗಳು, ಅಗಲವಾದ ರಸ್ತೆಗಳು ಅಂತ ಕೇಳಿರುತ್ತೇವೆ. ಇಲ್ಲಿ ಸಿಗುವುದು ಜುಲೈ ತಿಂಗಳ ಸೆಕೆ, ಸುಣ್ಣ, ಇಟ್ಟಿಗೆ, ಧೂಳು, ಹೆಂಡದಂಗಡಿಯ ನಾತ. ಮೊದಲ ಸಾಲಿನಲ್ಲೇ ಬರುವ ಓಣಿ, ಸೇತುವೆಗಳ ಪೂರ್ತಿ ಹೆಸರನ್ನೂ ಕೊಡುವುದಿಲ್ಲ, ಅಕ್ಷರಗಳಷ್ಟೇ. ಆದರೆ ಒಂದು ಲೆಕ್ಕ ಮಾತ್ರ ಕರಾರುವಾಕ್ಕು: ಕಥಾನಾಯಕ ರಾಸ್ಕೋಲ್ನಿಕೋವ್‌ನ ಮನೆ ಬಾಗಿಲಿನಿಂದ, ಅವನು ಕೊಲ್ಲಲು ಹೊರಟಿರುವ ಗಿರವಿ ಅಜ್ಜಿಯ ಮನೆಗೆ 730 ಹೆಜ್ಜೆ.

ಆ ಸಂಖ್ಯೆ ತಲೆಯಿಂದ ಹೋಗಲೇ ಇಲ್ಲ. ಒಂದು ಸಂಜೆ ಸುಮ್ನೆ ಎಣಿಸುತ್ತಾ 730 ಹೆಜ್ಜೆ ನಡೆದೆ. ಹೆಚ್ಚುಕಮ್ಮಿ ಅರ್ಧ ಕಿಲೋಮೀಟರ್. ಒಂದು ಫೋನ್ ಮಾತು ಮುಗಿಯುವಷ್ಟರಲ್ಲಿ ದಾರಿ ಮುಗಿದುಹೋಯಿತು. ಇಷ್ಟು ಹತ್ತಿರದಲ್ಲಿದ್ದಾಳಾ ಆ ಅಜ್ಜಿ!

ಆಮೇಲೆ ನಕ್ಷೆ ನೋಡಿದಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಕೊಲೆಯ ದಿನ ಅವನು ನೇರ ಹೋಗುವುದೇ ಇಲ್ಲ. ಕೋಟಿನೊಳಗೆ ಕೊಡಲಿ ನೇತುಹಾಕಿಕೊಂಡು, ಬೇರೆ ಕಡೆಯಿಂದ ಆ ಮನೆ ಸೇರಲು ಸುತ್ತು ಹಾಕುತ್ತಾನೆ. ಯೂಸುಪೊವ್ ತೋಟದ ಹತ್ತಿರ ಬಂದಾಗ, ಇಲ್ಲಿ ದೊಡ್ಡ ಕಾರಂಜಿಗಳಿದ್ದರೆ ಎಷ್ಟು ತಂಪಾಗಿರುತ್ತಿತ್ತು ಅಂತ ಯೋಚಿಸುತ್ತಾನೆ. ಆ ತೋಟ ಈಗಲೂ ಇದೆ. ಅವನು ಹೋಗುವುದು ಸಂಜೆ ಏಳೂವರೆಯ ಹೊತ್ತಿಗೆ. ಅಷ್ಟು ಉತ್ತರದ ಊರಿನಲ್ಲಿ ಜುಲೈ ತಿಂಗಳಲ್ಲಿ ಆಗ ಇನ್ನೂ ಚೆನ್ನಾಗಿ ಬೆಳಕಿರುತ್ತದೆ. ಕೊಲೆಗಾರ ಕತ್ತಲಲ್ಲಿ ಹೋಗುತ್ತಿಲ್ಲ, ಊರೆಲ್ಲ ಎದ್ದಿರುವಾಗಲೇ ಹೋಗುತ್ತಿದ್ದಾನೆ. ಓಣಿ, ತೋಟ, ಬೆಳಕು ಮೂರನ್ನೂ ಸೇರಿಸಿ ನೋಡಿದ ಮೇಲೆ ಆ ಅಧ್ಯಾಯ ಓದಲು ಎದೆ ಹೊಡೆದುಕೊಳ್ಳುತ್ತದೆ.

ಪಾತ್ರದ ಮನೆ ಹುಡುಕಿಕೊಂಡು ಹೋಗಿ ಫೋಟೋ ತೆಗೆಸಿಕೊಳ್ಳುವುದು ನನಗೆ ಅಷ್ಟಾಗಿ ಹಿಡಿಸದು. ಜೇಮ್ಸ್ ಜಾಯ್ಸ್ 1904ರ ಡಬ್ಲಿನ್‌ನ ಒಂದೇ ದಿನದ ಬಗ್ಗೆ ‘ಯೂಲಿಸಿಸ್’ ಬರೆದದ್ದು ಟ್ರಿಯೆಸ್ಟ್, ಜ್ಯೂರಿಕ್, ಪ್ಯಾರಿಸ್‌ಗಳಲ್ಲಿ ಕೂತು. ಕಥಾನಾಯಕ ಬ್ಲೂಮ್ ಇರುವ ಎಕ್ಲ್ಸ್ ಬೀದಿಯ 7ನೇ ನಂಬರ್ ಮನೆಯ ಮುಂದಿನ ಕಂಬಿ ಬೇಲಿ ಹತ್ತಿ ಒಬ್ಬ ಸಾಧಾರಣ ಮನುಷ್ಯ ಕೆಳಗೆ ಇಳಿಯಬಹುದಾ ಅಂತ ಡಬ್ಲಿನ್‌ನಲ್ಲಿದ್ದ ಅತ್ತೆಗೆ ಪತ್ರ ಬರೆದು ಕೇಳಿದ್ದ. ಆ ಮನೆಯೇ ಈಗಿಲ್ಲ. ಅದರ ಬಾಗಿಲನ್ನು ಜಾಯ್ಸ್ ಹೆಸರಿನ ಕೇಂದ್ರದಲ್ಲಿ ಇಟ್ಟಿದ್ದಾರೆ. ಆದರೆ ಬ್ಲೂಮ್ ನಡೆದ ಎಷ್ಟೋ ಬೀದಿಗಳಲ್ಲಿ ಈಗಲೂ ನಡೆಯಬಹುದು. ಅದಕ್ಕೇ ನಾನು ಮನೆಗಿಂತ ದಾರಿಯನ್ನು ಗುರುತು ಮಾಡಿಕೊಳ್ಳುತ್ತೇನೆ. ಹೋಗಲು ಆಗದ ಊರಾದರೆ ನಕ್ಷೆಯೇ ಗತಿ.

ನನ್ನ ಈ ನಡಿಗೆಯ ಲೆಕ್ಕವನ್ನು ತಲೆಕೆಳಗು ಮಾಡಿದ್ದು ನಗೀಬ್ ಮಹಫೂಜ್‌ನ ಕೈರೋ ಕಾದಂಬರಿ ತ್ರಿವಳಿ. ಮೂರು ಪುಸ್ತಕಗಳಿಗೂ ಹಳೇ ಕೈರೋದ ಬೀದಿಗಳದ್ದೇ ಹೆಸರು. ಆದರೆ ಮೊದಲ ಭಾಗದ ಅಮೀನಾ ಬೀದಿಗೆ ಇಳಿಯುವ ಹಾಗಿಲ್ಲ. ಗಂಡನ ಕಟ್ಟಪ್ಪಣೆ. ಮರದ ಜಾಲರಿ ಕಿಟಕಿಯ ಹಿಂದೆ ನಿಂತು ನೋಡಿದ್ದೇ ಅವಳ ಕೈರೋ. ಗಂಡ ಊರಲ್ಲಿಲ್ಲದಾಗ ಒಂದು ದಿನ ಧೈರ್ಯ ಮಾಡಿ ಹುಸೇನ್ ಮಸೀದಿಗೆ ಹೋಗುತ್ತಾಳೆ. ವಾಪಸ್ ಬರುವಾಗ ಕಾರು ತಾಗಿ ಭುಜದ ಹತ್ತಿರದ ಮೂಳೆ ಮುರಿಯುತ್ತದೆ. ವಿಷಯ ತಿಳಿದ ಗಂಡ, ಅವಳು ಚೇತರಿಸಿಕೊಂಡ ಮೇಲೆ ತವರಿಗೆ ಅಟ್ಟುತ್ತಾನೆ.

ನಕ್ಷೆಯಲ್ಲಿ ಅಮೀನಾ ಮನೆಯಿರುವ ಬೀದಿಗೂ ಮಸೀದಿಗೂ ನಡುವೆ ಕೆಲವೇ ನಿಮಿಷದ ನಡಿಗೆ. ಹೆಚ್ಚುಕಮ್ಮಿ ರಾಸ್ಕೋಲ್ನಿಕೋವ್‌ನ ಆ 730 ಹೆಜ್ಜೆಯಷ್ಟೇ ದೂರ ಅನ್ನಿ. ಅದನ್ನು ನೋಡಿದ ಮೇಲೆ ಎರಡನೇ ಓದಿಗೆ ಇನ್ನೊಂದು ಕೆಲಸ ಸೇರಿಸಿಕೊಂಡೆ. ದಾರಿಯ ಪಕ್ಕದಲ್ಲಿ, ಕಥೆಯಲ್ಲಿ ಆ ದಾರಿ ಹಿಡಿಯಲು ಯಾರಿಗೆ ಬಿಡುವುದಿಲ್ಲ ಅನ್ನುವುದನ್ನೂ ಬರೆದಿಟ್ಟುಕೊಳ್ಳುತ್ತೇನೆ.