‘ಅವರೇಕೆ ಹೀಗೆ ಮಾಡಿದರು?’ ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ಬಿಡಿಸುವ ಬಗೆ

ಲಿಂಗಸುಗೂರು, ಮುದಗಲ್‌ನಂಥ ಊರುಗಳಲ್ಲಿ ದ್ವಿತೀಯ ಪಿಯುಸಿಗೆ ರಾಜ್ಯಶಾಸ್ತ್ರ ಹೇಳುವ ನಮಗೆ ಅಲ್-ಖೈದಾ, ಐಸಿಸ್‌ನಂಥ ಗುಂಪುಗಳ ಭಯೋತ್ಪಾದನೆಯ ಪಾಠ ಬಂದಾಗ ಮೊದಲು ಎದುರಾಗುವ ಪ್ರಶ್ನೆ ಒಂದೇ: ‘ಸರ್, ಅವರು ಅಮೆರಿಕದ ಮೇಲೆ ಯಾಕೆ ಬಿದ್ದರು?’ ‘ಮತಾಂಧತೆ’ ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ. ‘ಅಮೆರಿಕ ಮಾಡಿದ್ದಕ್ಕೆ ಸೇಡು’ ಎಂಬುದೂ ಅಷ್ಟೇ ಅರೆಬರೆ ಉತ್ತರ. ಬೋರ್ಡಿನ ಮೇಲೆ ಎರಡು ಗೆರೆ ಎಳೆದು ಮೂರು ಅಂಕಣ ಮಾಡಿಕೊಳ್ಳಿ: ಅವರು ಹೇಳಿಕೊಂಡ ದೂರು, ಅವರು ಮುಟ್ಟಬೇಕೆಂದಿದ್ದ ಗುರಿ, ಅದಕ್ಕಾಗಿ ಹಿಡಿದ ದಾರಿ.

ದೂರಿನ ಅಂಕಣವನ್ನು 1990ರಿಂದ ಆರಂಭಿಸಿ. ಇರಾಕ್ ಕುವೈತನ್ನು ಆಕ್ರಮಿಸಿದಾಗ ಅಮೆರಿಕದ ಸೇನೆ ಸೌದಿ ಅರೇಬಿಯಾಕ್ಕೆ ಬಂದಿತು. ಮೆಕ್ಕಾ, ಮದೀನಾಗಳಿರುವ ನೆಲದಲ್ಲಿ ಆ ಸೇನೆ ಉಳಿದುಕೊಂಡದ್ದನ್ನೇ ಮುಂದಿಟ್ಟು ಅಲ್-ಖೈದಾದ ನಾಯಕ ಒಸಾಮಾ ಬಿನ್ ಲಾಡೆನ್ 1996ರಲ್ಲಿ ಅಮೆರಿಕದ ವಿರುದ್ಧ ಯುದ್ಧ ಸಾರಿದ. 1998ರ ಫೆಬ್ರವರಿಯಲ್ಲಿ ಸಂಗಡಿಗರೊಂದಿಗೆ ಹೊರಡಿಸಿದ ಹೇಳಿಕೆಯಲ್ಲಿ ಇರಾಕಿನ ಮೇಲಿನ ದಿಗ್ಬಂಧನವನ್ನೂ ಇಸ್ರೇಲಿಗೆ ಸಿಗುತ್ತಿದ್ದ ಬೆಂಬಲವನ್ನೂ ಸೇರಿಸಿ, ಅಮೆರಿಕದ ಸೈನಿಕರನ್ನಷ್ಟೇ ಅಲ್ಲದೆ ನಾಗರಿಕರನ್ನೂ ಕೊಲ್ಲುವುದು ಕರ್ತವ್ಯವೆಂದ. ಇಲ್ಲಿ ನಿಂತು, ಇರಾಕಿನ ಜನರ ಸಂಕಟ ನಿಜವಾಗಿತ್ತು ಎಂಬುದನ್ನು ಒಪ್ಪಿಕೊಂಡೇ ಮುಂದಿನ ಸಂಗತಿಯನ್ನು ಹೇಳಿ: ಅದೇ ವರ್ಷದ ಆಗಸ್ಟ್ 7ರಂದು ನೈರೋಬಿ ಮತ್ತು ದಾರ್ ಎಸ್ ಸಲಾಮ್‌ನ ಅಮೆರಿಕದ ರಾಯಭಾರ ಕಚೇರಿಗಳ ಮುಂದೆ ಅಲ್-ಖೈದಾ ಇಟ್ಟ ಬಾಂಬ್ ಸಿಡಿದು ಸತ್ತ 224 ಜನರಲ್ಲಿ ಅಮೆರಿಕನ್ನರು 12 ಮಂದಿ ಮಾತ್ರ. ಉಳಿದವರಲ್ಲಿ ಬಹುಪಾಲು ಆಫ್ರಿಕಾದ ಸಾಮಾನ್ಯ ಜನ.

ಬಡತನವೇ ಕಾರಣವೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಮೇಲೆ ದಾಳಿ ಮಾಡಲು ವಿಮಾನ ಅಪಹರಿಸಿದ 19 ಜನರಲ್ಲಿ 15 ಮಂದಿ ಸಿರಿವಂತ ದೇಶವಾದ ಸೌದಿಯವರು. ಮುಂದಾಳು ಮೊಹಮ್ಮದ್ ಅತ್ತಾ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ನಗರ ಯೋಜನೆ ಓದಿದವನು. ಅಷ್ಟು ಹೇಳಿದರೆ ಸಾಕು.

ಎರಡನೆಯ ಅಂಕಣಕ್ಕೆ ಹೆಚ್ಚು ಹೊತ್ತು ಕೊಡಿ, ಏಕೆಂದರೆ ಪಠ್ಯಪುಸ್ತಕ ಓದುವವರು ತಪ್ಪುವುದು ಇಲ್ಲಿಯೇ. ಈ ಗುಂಪುಗಳ ಮೂಲ ಜಗಳ ತಮ್ಮ ದೇಶಗಳ ಆಳರಸರೊಂದಿಗೆ. 1981ರಲ್ಲಿ ಈಜಿಪ್ಟಿನ ಅಧ್ಯಕ್ಷ ಸಾದತ್‌ರನ್ನು ಕೊಂದವರಿಗೆ ‘ಹತ್ತಿರದ ಶತ್ರು’, ಅಂದರೆ ತಮ್ಮದೇ ಆಳರಸ, ಮೊದಲಾಗಿದ್ದ, ಆದರೆ ಅಲ್ಲಿಯ ಆಡಳಿತ ಉರುಳಲಿಲ್ಲ. ತೊಂಬತ್ತರ ದಶಕದಲ್ಲಿ ಈಜಿಪ್ಟ್, ಅಲ್ಜೀರಿಯಾಗಳಲ್ಲಿಯೂ ಸಶಸ್ತ್ರ ಗುಂಪುಗಳು ಸೋತವು. ಆ ಸೋಲಿನಿಂದ ಅಲ್-ಖೈದಾ ತೆಗೆದ ಲೆಕ್ಕ ಇದು: ಅರಬ್ ಆಳರಸರೆಂಬ ಚಪ್ಪರ ನಿಂತಿರುವುದು ಅಮೆರಿಕವೆಂಬ ಕಂಬದ ಮೇಲೆ, ಆದ್ದರಿಂದ ‘ದೂರದ ಶತ್ರು’ವಿಗೇ ಹೊಡೆಯಬೇಕು, ಕಂಬ ಬಿದ್ದರೆ ತಮ್ಮ ಆಳ್ವಿಕೆ, ಕೊನೆಗೆ ಖಿಲಾಫತ್, ಅಂದರೆ ಮುಸ್ಲಿಮರೆಲ್ಲರಿಗೂ ಒಬ್ಬನೇ ಖಲೀಫನ ಆಳ್ವಿಕೆ.

ದಾರಿಯೂ ಇದರಿಂದಲೇ ತಿಳಿಯುತ್ತದೆ. ಸೋವಿಯತ್ ಸೇನೆ 1989ರಲ್ಲಿ ಅಫ್ಘಾನಿಸ್ತಾನ ಬಿಟ್ಟುಹೋದದ್ದನ್ನು ಕಂಡಿದ್ದ ಲಾಡೆನ್, ಅಮೆರಿಕವನ್ನೂ ದೀರ್ಘ ಯುದ್ಧಕ್ಕೆ ಎಳೆದು ದಿವಾಳಿ ಎಬ್ಬಿಸುವುದೇ ತನ್ನ ನೀತಿಯೆಂದು 2004ರ ವಿಡಿಯೊದಲ್ಲಿ ತಾನೇ ಹೇಳಿಕೊಂಡ.

ಇರಾಕ್, ಸಿರಿಯಾಗಳಲ್ಲಿ ಬೆಳೆದ ಐಸಿಸ್ ಅನ್ನು ಬೇರೆಯಾಗಿ ಬರೆಯಿರಿ. 2014ರ ಜೂನ್‌ನಲ್ಲಿ ಖಿಲಾಫತ್ ಘೋಷಿಸಿದ ಅದು, ಪಶ್ಚಿಮದವರು ತನ್ನ ಮೇಲಿನ ಬಾಂಬ್ ದಾಳಿ ನಿಲ್ಲಿಸಿದರೂ ತನ್ನ ದ್ವೇಷ ನಿಲ್ಲದು, ನೀವು ಅವಿಶ್ವಾಸಿಗಳಾಗಿರುವುದೇ ಅದಕ್ಕೆ ಮೊದಲ ಕಾರಣ ಎಂದು 2016ರಲ್ಲಿ ತನ್ನ ಪತ್ರಿಕೆಯಲ್ಲಿ ಬಿಚ್ಚಿ ಹೇಳಿತು. ಅದಕ್ಕೂ ಹಿಂದಿನ ವರ್ಷ ಅದೇ ಪತ್ರಿಕೆ ‘ಬೂದು ವಲಯ’ದ ಮಾತೆತ್ತಿತ್ತು. ಪಶ್ಚಿಮದ ದೇಶಗಳಲ್ಲಿ ನೆರೆಹೊರೆಯವರೊಂದಿಗೆ ಬೆರೆತು ಬಾಳುವ ಮುಸ್ಲಿಮರ ಬದುಕಿಗೆ ಅದು ಇಟ್ಟ ಹೆಸರು ಅದು. ದಾಳಿಗಳಿಂದ ಸಂಶಯ ಬೆಳೆಸಿ, ಆ ವಲಯವನ್ನೇ ಅಳಿಸುವುದು ಅದರ ಉದ್ದೇಶ.

ಕಳೆದ ವರ್ಷ ನಾನು ಈ ಪಾಠ ಶುರು ಮಾಡಿದ ಕೂಡಲೇ ಐದಾರು ತಲೆಗಳು ಮೂರನೆಯ ಬೆಂಚಿನ ಒಬ್ಬ ಹುಡುಗನತ್ತ ಹೊರಳಿದವು. ಅವನು ನೋಟ್‌ಬುಕ್ಕಿನ ಅಂಚಿನಲ್ಲಿ ಒಂದೇ ಗೆರೆಯ ಮೇಲೆ ಪೆನ್ನನ್ನು ಮತ್ತೆ ಮತ್ತೆ ಎಳೆಯುತ್ತಿದ್ದ. ಮೊಹರಂನಲ್ಲಿ ಅವನ ಓಣಿಯ ಅಲಾಯಿ ದೇವರಿಗೆ ಸಕ್ಕರೆ ಓದಿಸಿದ ಮನೆಗಳ ಮಕ್ಕಳೇ ಹಾಗೆ ಹೊರಳಿದ್ದರು. ಈಗ ಬೂದು ವಲಯದ ಭಾಗವನ್ನೇ ಮೊದಲು ಹೇಳುತ್ತೇನೆ. ನೀವೂ ಹಾಗೆ ಮಾಡಿ, ಒಬ್ಬ ವಿದ್ಯಾರ್ಥಿಯನ್ನು ಎಬ್ಬಿಸಿ ‘ನಿಮ್ಮವರು ಏನನ್ನುತ್ತಾರೆ’ ಎಂದು ಎಂದಿಗೂ ಕೇಳಬೇಡಿ. ಉತ್ತರ ಪ್ರದೇಶದ ದೇವಬಂದ್‌ನ ಇಸ್ಲಾಮೀ ವಿದ್ಯಾಪೀಠ ದಾರುಲ್ ಉಲೂಮ್ 2008ರಲ್ಲಿ ಭಯೋತ್ಪಾದನೆಯನ್ನು ಖಂಡಿಸಿದ್ದನ್ನು ನೀವೇ ಹೇಳಿ.

ಮರುದಿನ 2005ರ ಜುಲೈ 7ರಂದು ಲಂಡನ್ನಿನ ರೈಲು, ಬಸ್ಸುಗಳಲ್ಲಿ ನಡೆದ ಬಾಂಬ್ ದಾಳಿಯನ್ನು ಕೊಟ್ಟು, ಮೂರು ಅಂಕಣಗಳನ್ನು ವಿದ್ಯಾರ್ಥಿಗಳೇ ತುಂಬಲಿ. ದಾಳಿಕೋರರ ವಿಡಿಯೊಗಳನ್ನು ಮೊಬೈಲಿನಲ್ಲಿ ಹುಡುಕಲು ಬಿಡಬೇಡಿ. ಸತ್ತ 52 ಜನರ ಸಂಖ್ಯೆಯನ್ನು ಅಂಕಣಗಳ ಮೇಲ್ಗಡೆ, ಎಲ್ಲಕ್ಕಿಂತ ಮೊದಲು ಬರೆಸಿ.