ಮೊದಲು ಬೀಗದ ಕೈ, ಆಮೇಲೆ ಕೇರಂ ಬೋರ್ಡ್

ನಿವೃತ್ತಿ ಆದವರು ನಾಲ್ಕು ಜನ ಸೇರಿ ಬಡಾವಣೆಗೆ ಒಂದು ಆಟದ ಕೋಣೆ ಮಾಡೋಣ ಅಂದರೆ ಮೊದಲು ಬರುವ ಮಾತು ಕೇರಂ ಬೋರ್ಡ್ ಎಲ್ಲಿ ತರೋದು, ಎಷ್ಟಾಗುತ್ತದೆ ಅಂತ. ದಾವಣಗೆರೆಯಲ್ಲಿ ನಾವೂ ಹಾಗೇ ಶುರು ಮಾಡಿದ್ದು. ಬೋರ್ಡ್ ಬಂತು, ಚೆಸ್ ಬಂತು, ಪೂಜೆ ಮಾಡಿ ಕಾಯಿ ಒಡೆದದ್ದೂ ಆಯಿತು. ಎರಡು ತಿಂಗಳಿಗೆ ಕೋಣೆ ಬಿಕೋ ಅನ್ನತೊಡಗಿತು. ಇದ್ದ ಒಂದೇ ಬೀಗದ ಕೈ ಒಬ್ಬರ ಹತ್ತಿರ ಇತ್ತು, ಅವರು ಮಗಳ ಬಾಣಂತನಕ್ಕೆ ಅಂತ ಮನೆಯವರ ಜೊತೆ ಬೆಂಗಳೂರಿಗೆ ಹೋದರು. ಸಂಜೆ ಬಂದವರು ಮುಚ್ಚಿದ ಬಾಗಿಲು ನೋಡಿ ವಾಪಸ್ ಹೋದರು. ಎರಡು ಸಲ ಹೀಗೆ ವಾಪಸ್ ಹೋದವರು ಮೂರನೇ ಸಲ ಬರಲೇ ಇಲ್ಲ.

ಅದಕ್ಕೇ ಹೇಳ್ತೀನಿ, ಸಾಮಾನು ತರುವ ಮೊದಲು ಬಾಗಿಲು ತೆಗೆಯುವ ಜನರನ್ನು ಹುಡುಕಿ. ಆರು ಜನ ಸಾಕು, ಒಬ್ಬೊಬ್ಬರಿಗೆ ವಾರದಲ್ಲಿ ಒಂದು ದಿನ, ಭಾನುವಾರ ಯಾರು ಇರ್ತಾರೋ ಅವರು. ಬೀಗದ ಕೈ ಮೂರು ಮಾಡಿಸಿ. ಒಂದು ಆ ದಿನದವರ ಹತ್ತಿರ, ಒಂದು ಕೋಣೆಯ ಪಕ್ಕದ ಮನೆಯಲ್ಲಿ, ಇನ್ನೊಂದು ಎದುರಿನ ಅಂಗಡಿಯಲ್ಲಿ. ಊರಿಗೆ ಹೋಗುವವರು ತಮ್ಮ ಬದಲಿಗೆ ಯಾರು ಅಂತ ಹೇಳಿಯೇ ಬಸ್ ಹತ್ತಬೇಕು. ಇದೊಂದು ಕಟ್ಟುನಿಟ್ಟು ಇರಲಿ, ಮಿಕ್ಕಿದ್ದರಲ್ಲಿ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ.

ಜನ ಎಲ್ಲಿ ಸಿಗ್ತಾರೆ? ತಿಂಗಳ ಮೊದಲ ವಾರ ಪೆನ್ಷನ್ ತೆಗೆಯಲು ಬ್ಯಾಂಕಿಗೆ ಬರ್ತಾರಲ್ಲ, ಅಲ್ಲೇ. ನವೆಂಬರ್‌ನಲ್ಲಿ ಜೀವಂತ ಪ್ರಮಾಣ ಪತ್ರ ಕೊಡಲು ಸಾಲಿನಲ್ಲಿ ಕೂತಿರುತ್ತಾರೆ, ಆಗ ಮಾತಾಡಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಬೆಳಗ್ಗೆ ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗ್ ಬರುವವರನ್ನೂ ಕೇಳಿ. ಆದರೆ ಕೇಳುವಾಗ ಚಂದಾ ಮಾತು ಎತ್ತಬೇಡಿ. "ದುಡ್ಡು ಬೇಡ ಸರ್, ವಾರಕ್ಕೊಂದು ಸಂಜೆ ಕೊಡಿ ಸಾಕು" ಅನ್ನಿ. ಮೂವತ್ತು ವರ್ಷ ಕೆಲಸ ಮಾಡಿ ಮನೆಯಲ್ಲಿ ಸುಮ್ನೆ ಕೂತವರಿಗೆ ತಮ್ಮಿಂದ ಒಂದು ಕೆಲಸ ಆಗಬೇಕಿದೆ ಅಂತ ಕೇಳಿದರೆ ಮುಖವೇ ಅರಳುತ್ತದೆ, ನಾನು ಕಣ್ಣಾರೆ ನೋಡಿದ್ದೇನೆ. ಅವರವರು ಮಾಡುತ್ತಿದ್ದ ಕೆಲಸವನ್ನೇ ಕೊಡಿ. ಬಸ್ ಡಿಪೋದ ಸ್ಟೋರಿನಲ್ಲಿದ್ದವರಿಗೆ ಸ್ಟಾಕ್ ಬುಕ್, ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರಿಗೆ ರಿಪೇರಿ, ಮೇಷ್ಟ್ರಿಗೆ ಮಕ್ಕಳು.

ಕೋಣೆಗೆ ಸಮುದಾಯ ಭವನ, ಪಾರ್ಕಿನ ಕಟ್ಟಡ, ದೇವಸ್ಥಾನದ ಖಾಲಿ ಕೋಣೆ, ಯಾವುದಾದರೂ ಆದೀತು. ಬಾಯಿಮಾತಿನ ಒಪ್ಪಿಗೆ ಮಾತ್ರ ನಂಬಬೇಡಿ. ನಮಗೆ ಮೊದಲು ಕೊಟ್ಟ ಹಾಲ್‌ನವರು ಮದುವೆ ಸೀಸನ್ ಬಂದ ಕೂಡಲೇ ನಮ್ಮ ಬೋರ್ಡುಗಳನ್ನು ಅಡುಗೆ ಪಾತ್ರೆಗಳ ಹಿಂದೆ ಒತ್ತರಿಸಿಟ್ಟಿದ್ದರು, ಒಂದು ಬೋರ್ಡ್ ನೀರು ತಗುಲಿ ಉಬ್ಬಿ ಹೋಯಿತು. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಕರೆಂಟ್ ಬಿಲ್ ಯಾರದು, ಸಾಮಾನು ಎಲ್ಲಿಡೋದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆಯವರು ಸಹಿ ಹಾಕಿ. ಬೀಗ ಇರುವ ಒಂದು ಬೀರು ನಿಮ್ಮದೇ ಇರಲಿ.

ಕೋಣೆ ನೋಡಲು ಹೋದಾಗ ಮೊದಲು ಶೌಚಾಲಯ ನೋಡಿ. ಹತ್ತಿರದಲ್ಲಿ ಇಲ್ಲ ಅಂದರೆ ಆ ಕೋಣೆ ಬೇಡ. ಶುಗರ್ ಇರುವವರು, ಪ್ರಾಸ್ಟೇಟ್ ತೊಂದರೆ ಇರುವವರು ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ಮನೆ ಬರುವುದು ನಿಲ್ಲಿಸುತ್ತಾರೆ. ನೆಲಮಹಡಿ ಇರಬೇಕು, ಎರಡು ಮೆಟ್ಟಿಲಿದ್ದರೂ ಹಿಡಿದುಕೊಳ್ಳಲು ಕಂಬಿ ಹಾಕಿಸಿ. ಮಂಡಿನೋವಿನವರಿಗೆ ಚಾಪೆ, ಸ್ಟೂಲು ಆಗುವುದಿಲ್ಲ. ಕೈ ಇರುವ ಕುರ್ಚಿ ಬೇಕು, ಏಳುವಾಗ ಊರಿಕೊಳ್ಳಬಹುದು.

ಈಗ ಕೇರಂ. ಚಿಕ್ಕ ಬೋರ್ಡ್ ತರಬೇಡಿ, ಆಡುವ ಜಾಗ 29 ಇಂಚು ಚೌಕ ಇರುವ ಪೂರ್ತಿ ಅಳತೆಯದೇ ತನ್ನಿ. ಹಲಗೆ 8 ಮಿಲಿಮೀಟರ್‌ಗಿಂತ ತೆಳ್ಳಗಿದ್ದರೆ ಬೇಗ ಬಾಗುತ್ತದೆ. ಅಂಗಡಿಯಲ್ಲೇ ಸ್ಟ್ರೈಕರ್ ಇಟ್ಟು ಜೋರಾಗಿ ಹೊಡೆದು ನೋಡಿ. ಕನಿಷ್ಠ ಮೂರು ಸಲವಾದರೂ ಆ ಕಟ್ಟಿನಿಂದ ಈ ಕಟ್ಟಿಗೆ ಓಡಬೇಕು. ನಾಲ್ಕೂ ಕಡೆಯಿಂದ ಹೊಡೆಯಿರಿ, ಅಂಗಡಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಸ್ಟ್ರೈಕರ್ ತೂಕ 15 ಗ್ರಾಂ ದಾಟಬಾರದು. ಭಾರದ್ದು ಹೊಡೆಯಲು ಚೆನ್ನಾಗಿರುತ್ತದೆ, ಆದರೆ ಕಾಯಿ ಒಡೆಯುತ್ತದೆ, ವಯಸ್ಸಾದವರ ಬೆರಳೂ ನೋಯುತ್ತದೆ. ಒಂದು ಬೋರ್ಡಿಗೆ ನಾಲ್ಕು ಕುರ್ಚಿ ಸೇರಿ ಎಂಟು ಅಡಿ ಉದ್ದ, ಎಂಟು ಅಡಿ ಅಗಲದ ಜಾಗ ಬಿಡಿ. ದೀಪ ಬೋರ್ಡಿನ ನಡು ನೆತ್ತಿಗೆ ಬರಬೇಕು, ಪಕ್ಕದಿಂದ ಬಿದ್ದರೆ ಕೈಯ ನೆರಳು ಕಾಯಿ ಮೇಲೆ ಬೀಳುತ್ತದೆ, ಪೊರೆ ಆಪರೇಷನ್ ಆದವರಿಗಂತೂ ಕಷ್ಟ. ಸಂಜೆ ಕರೆಂಟ್ ಹೋದರೂ ಉರಿಯುವ ಚಾರ್ಜಿಂಗ್ ಬಲ್ಬ್ ಒಂದು ಹಾಕಿ. ಆಟ ಮುಗಿದ ಮೇಲೆ ಪೌಡರ್ ಒಣ ಬಟ್ಟೆಯಲ್ಲಿ ಒರೆಸಿ, ಒದ್ದೆ ಬಟ್ಟೆ ಬೇಡವೇ ಬೇಡ. ಅದು ಬೋರಿಕ್ ಪೌಡರ್, ಡಬ್ಬಿ ಮಕ್ಕಳ ಕೈಗೆ ಸಿಗದ ಹಾಗೆ ಬೀರುವಿನಲ್ಲಿಡಿ.

ನಮ್ಮೂರಲ್ಲಿ ಸಂಜೆ ಅಂದರೆ ಮಂಡಕ್ಕಿ, ಮೆಣಸಿನಕಾಯಿ ಇಲ್ಲದೆ ಆಗಲ್ಲ ಅಲ್ವಾ. ತರಿಸಿ, ಚೆನ್ನಾಗಿ ತಿನ್ನಿ, ಆದರೆ ಹೊರಗಿನ ಕಟ್ಟೆ ಮೇಲೆ. ಬಾಗಿಲಲ್ಲೇ ಒಂದು ಬಕೆಟ್ ನೀರು, ಸೋಪು, ಟವೆಲ್ ಇಡಿ. ಎಣ್ಣೆ ಕೈ ಒಂದು ಸಲ ತಾಗಿದರೆ ಪೌಡರ್ ಅಂಟಿಕೊಂಡು ಕಾಯಿ ಅಲ್ಲಲ್ಲೇ ನಿಲ್ಲುತ್ತದೆ.

ಚೆಸ್‌ಗೆ ದೊಡ್ಡ ಕಾಯಿಗಳ ಸೆಟ್ ಎರಡು ಸಾಕು. ಟೇಬಲ್ ಟೆನಿಸ್ ಆಸೆ ಇದ್ದರೆ ಮೊದಲು ಅಳತೆ ಹಿಡಿಯಿರಿ. ಟೇಬಲ್ಲೇ 9 ಅಡಿ ಉದ್ದ, 5 ಅಡಿ ಅಗಲ, ಹಿಂದೆ ಮುಂದೆ ಓಡಾಡಲು ಜಾಗ ಬೇರೆ ಬೇಕು.

ದುಡ್ಡೇ ಇಲ್ಲದೆ ಬರುವ ಆಟ ಚೌಕಾಬಾರ. ಐದಕ್ಕೆ ಐದು ಮನೆ ಬರೆದು ನಾಲ್ಕು ಕವಡೆ ಇಟ್ಟರೆ ಮುಗಿಯಿತು, ಕವಡೆ ಇಲ್ಲದಿದ್ದರೆ ಹುಣಸೆ ಬೀಜ ಒಂದು ಮಗ್ಗುಲು ತೇದುಕೊಳ್ಳಿ. ನೆಲದ ಮೇಲೆ ಬರೆಯಬೇಡಿ, ಬಗ್ಗಲು ಆಗಲ್ಲ, ಪ್ಲೈವುಡ್ ಮೇಲೆ ಪೇಂಟ್ ಮಾಡಿಸಿ ಮೇಜಿನ ಮೇಲಿಡಿ. ನಮ್ಮಲ್ಲಿ ಹೆಂಗಸರು ಒಳಗೆ ಬಂದದ್ದು ಈ ಆಟದಿಂದಲೇ. ಜೊತೆಗೆ ಅಳಗುಳಿಮಣೆ ಒಂದು ಇಟ್ಟೆವು, ಹದಿನಾಲ್ಕು ಗುಳಿಯದು, ಒಬ್ಬ ಅಜ್ಜಿ ತಮ್ಮ ತವರಿನದ್ದನ್ನೇ ತಂದುಕೊಟ್ಟರು. ಅವರಿಗೆ ಮಧ್ಯಾಹ್ನ ಮೂರರಿಂದ ಐದು ಅನುಕೂಲ, ಊಟದ ಪಾತ್ರೆ ತೊಳೆದಾಗಿರುತ್ತದೆ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. ಆ ಎರಡು ಗಂಟೆ ಅವರದೇ ಇರಲಿ, ಬಾಗಿಲು ತೆಗೆಯುವವರೂ ಅವರಲ್ಲೇ ಒಬ್ಬರು ಇರಲಿ.

ಚೌಕಾಬಾರದಲ್ಲಿ ಜಗಳ ಬರುವುದು ನಿಯಮಕ್ಕೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು, ಇಷ್ಟು ಎಲ್ಲರೂ ಒಪ್ಪುತ್ತಾರೆ. ಆದರೆ ಎದುರಿನ ಕಾಯಿ ಹೊಡೆಯದೆ ಒಳಗಿನ ಸುತ್ತಿಗೆ ಹೋಗಬಹುದಾ, ಜೋಡಿ ಕಾಯಿ ಕಟ್ಟಬಹುದಾ ಅಂತ ಕೇಳಿ ನೋಡಿ, ಹೊನ್ನಾಳಿಯವರದು ಒಂದು, ಜಗಳೂರಿನವರದು ಇನ್ನೊಂದು. ಎಲ್ಲರನ್ನೂ ಕೂರಿಸಿ ಈ ಕೋಣೆಗೆ ಒಂದೇ ನಿಯಮ ಅಂತ ಒಪ್ಪಿಸಿ, ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಹಾಕಿ. ಕೇರಂನ ರೆಡ್‌ಗೂ ಹಾಗೇ: ಅದಕ್ಕೆ 3 ಪಾಯಿಂಟ್, ಹಿಂದೆಯೇ ತಮ್ಮ ಕಾಯಿ ಹಾಕದಿದ್ದರೆ ವಾಪಸ್ ಇಡಬೇಕು.

ಇಸ್ಪೀಟು ಇರಲಿ, ಆದರೆ ಒಂದು ರೂಪಾಯಿಯೂ ಕಟ್ಟಬಾರದು. ಹುಣಸೆ ಬೀಜವನ್ನೇ ಲೆಕ್ಕಕ್ಕಿಟ್ಟು ಹೊರಗೆ ಹೋಗಿ ದುಡ್ಡು ಕೊಡುವುದೂ ಬೇಡ. ದುಡ್ಡಿನ ಜೂಜು ನಡೆಸಿದರೆ ಕರ್ನಾಟಕ ಪೊಲೀಸ್ ಕಾಯ್ದೆ 1963ರ ಪ್ರಕಾರ ಜಾಗ ಕೊಟ್ಟವರ ಮೇಲೂ ಕೇಸ್ ಆಗಬಹುದು. ಮನೆಯವರಿಗೆ ಆ ಅನುಮಾನ ಬಂದರೂ ಸಾಕು, ಯಾರನ್ನೂ ಕಳಿಸುವುದಿಲ್ಲ. ಇದನ್ನು ಹೇಳಲು ಸಂಕೋಚ ಪಡಬೇಡಿ, ಎಷ್ಟೇ ಹಿರಿಯರಾಗಿದ್ದರೂ ಸರಿ.

ಶಾಲೆ ಬಿಟ್ಟ ಮೇಲೆ ಮಕ್ಕಳು ಬರುತ್ತಾರೆ, ಬರಲಿ. ತಂದೆ ತಾಯಿ ಫೋನ್ ನಂಬರ್ ಬರೆದುಕೊಳ್ಳಿ, ಮಕ್ಕಳಿರುವಾಗ ದೊಡ್ಡವರು ಯಾವಾಗಲೂ ಇಬ್ಬರು ಇರಬೇಕು. ಹಾಜರಿ ಪುಸ್ತಕದಲ್ಲಿ ಹಿರಿಯರ ಹೆಸರಿನ ಮುಂದೆ ಮನೆಯ ಒಂದು ನಂಬರ್, ತಗೊಳ್ಳುವ ಮಾತ್ರೆ ಬರೆಸಿ. 108 ಅಂತ ಬಾಗಿಲ ಹಿಂದೆ ದೊಡ್ಡದಾಗಿ ಬರೆದಿಡಿ.

ಹಣದ ವಿಷಯ ಚಿಕ್ಕದು. ತಿಂಗಳಿಗೆ ಆದಷ್ಟು ಹಾಕಲು ಒಂದು ಡಬ್ಬಿ, ಲೆಕ್ಕ ಗೋಡೆ ಮೇಲೆ. ಸಂಘದ ಹೆಸರಲ್ಲಿ ಬ್ಯಾಂಕ್ ಖಾತೆ ಬೇಕು ಅನ್ನಿಸಿದಾಗ ನೋಂದಣಿ ಮಾಡಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಲ್ಲಿ ಕನಿಷ್ಠ 7 ಜನ ಬೇಕು, ಬಾಗಿಲು ತೆಗೆಯುವ ಆರು ಜನರ ಜೊತೆ ಇನ್ನೊಬ್ಬರು ಸೇರಿದರೆ ಆಯಿತು.

ಶುರುವಿನಲ್ಲಿ ಯಾರೂ ಬರುವುದಿಲ್ಲ. ಎದೆಗುಂದಬೇಡಿ. ಹೇಳಿದ ಹೊತ್ತಿಗೆ ತೆಗೆದು, ದೀಪ ಹಾಕಿ, ಬಾಗಿಲ ಎದುರಿಗೇ ಬೋರ್ಡ್ ಹಾಕಿ ಇಬ್ಬರೇ ಆಡುತ್ತಾ ಕೂತಿರಿ. ಎರಡನೇ ಸಲ ಶುರು ಮಾಡಿದಾಗ ನಾವು ಮೂರು ಸಂಜೆ ಹಾಗೇ ಕೂತಿದ್ದೆವು. ನಾಲ್ಕನೇ ದಿನ ಹಾಲು ತರಲು ಹೊರಟಿದ್ದ ಒಬ್ಬರು ಕ್ಯಾನ್ ಕೈಯಲ್ಲಿ ಹಿಡಿದೇ ಒಳಗೆ ಇಣುಕಿದರು. "ಬನ್ರಿ ಯಜಮಾನ್ರೇ, ಒಂದು ಆಟ ಆಡಿ" ಅಂದೆ. ಕ್ಯಾನ್ ಕುರ್ಚಿ ಪಕ್ಕ ಇಟ್ಟು ಕೂತರು. ಅರ್ಧ ಗಂಟೆ ಆದ ಮೇಲೆ ಮೊಮ್ಮಗಳು ಹುಡುಕಿಕೊಂಡು ಬಂದಳು, ಈಗ ಗುರುವಾರದ ಬೀಗದ ಕೈ ಅವರ ಹತ್ತಿರ ಇದೆ.