ನೀರಿನ ಬಂಧ ಅರ್ಥ ಆಗಬೇಕಾ? ಜೋಳದ ಹಿಟ್ಟು ತಗೊಳ್ಳಿ

ಬಯೋಕೆಮಿಸ್ಟ್ರಿ ಪುಸ್ತಕ ತೆರೆದರೆ ಮೊದಲ ಅಧ್ಯಾಯದಲ್ಲೇ ಬಂಧಗಳ ಪಟ್ಟಿ. ಕೋವೆಲೆಂಟ್, ಅಯಾನಿಕ, ಹೈಡ್ರೋಜನ್, ವ್ಯಾಂಡರ್ ವಾಲ್ಸ್. ವಿಜಯಪುರ, ಬಾಗಲಕೋಟೆ ಕಡೆಯ ಎಷ್ಟೋ ಮಕ್ಕಳು ಇದನ್ನು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆತುಬಿಡುತ್ತಾರೆ. ನನಗೆ ಇದು ನಿಜಕ್ಕೂ ಬೇಜಾರು, ಯಾಕೆಂದರೆ ಆ ಅಧ್ಯಾಯ ಪೂರ್ತಿ ಅವರ ಮನೆಯ ಒಲೆ ಮುಂದೆ ದಿನಾ ನಡೆಯುತ್ತಿರುತ್ತದೆ. ಪಟ್ಟಿ ಪಕ್ಕಕ್ಕಿಡಿ. ಯಾವ ಅಣು ಎದುರಾದರೂ ಒಂದೇ ಪ್ರಶ್ನೆ ಕೇಳಿ: ನೀರು ಇದರ ಜೊತೆ ಏನು ಮಾಡುತ್ತೆ?

ಬೇಕಾಗುವುದು ಇಷ್ಟೇ: ಮೂರು ಗಾಜಿನ ಲೋಟ, ಉಪ್ಪು, ಸಕ್ಕರೆ, ಕುಸುಬಿ ಎಣ್ಣೆ, ಮೈಸೋಪು, ಒಂದು ರೂಪಾಯಿ ನಾಣ್ಯ, ನಾಲ್ಕು ಹಿಡಿ ಜೋಳದ ಹಿಟ್ಟು.

ಮೊದಲು ನೀರಿನ ಒಂದು ಅಣುವಿನ ಚಿತ್ರ ಬರೆಯಿರಿ. ನಡುವೆ ಆಕ್ಸಿಜನ್, ಎರಡು ಕಡೆ ಹೈಡ್ರೋಜನ್. ಅವುಗಳನ್ನು ನೇರ ಗೆರೆಯಲ್ಲಿ ಇಡಬೇಡಿ, ನಡುವಿನ ಕೋನ 104.5 ಡಿಗ್ರಿ. ಆಕ್ಸಿಜನ್ ಎಲೆಕ್ಟ್ರಾನುಗಳನ್ನು ತನ್ನ ಕಡೆ ಜಾಸ್ತಿ ಎಳೆದುಕೊಳ್ಳುವುದರಿಂದ ಆ ಬದಿಗೆ ಸ್ವಲ್ಪ ಋಣ, ಹೈಡ್ರೋಜನ್ ಬದಿಗೆ ಸ್ವಲ್ಪ ಧನ ಅಂತ ಗುರುತು ಹಾಕಿ. ಪಕ್ಕದಲ್ಲಿ ಇನ್ನೊಂದು ಅಣು ಬರೆದು, ಇದರ ಹೈಡ್ರೋಜನ್‌ನಿಂದ ಅದರ ಆಕ್ಸಿಜನ್‌ಗೆ ಚುಕ್ಕಿ ಗೆರೆ ಎಳೆಯಿರಿ. ಅದೇ ಹೈಡ್ರೋಜನ್ ಬಂಧ. ಅಣುವಿನ ಒಳಗೆ ಎಲೆಕ್ಟ್ರಾನು ಹಂಚಿಕೊಂಡು ಆದ ಕೋವೆಲೆಂಟ್ ಬಂಧ ಮುರಿಯಲು ಒಂದು ಮೋಲ್‌ಗೆ ಸುಮಾರು 460 ಕಿಲೋಜೂಲ್ ಬೇಕು, ಈ ಚುಕ್ಕಿ ಗೆರೆಗೆ ಸುಮಾರು 20 ಸಾಕು. ಈ ಎರಡು ಅಂಕಿ ನೆನಪಿಡಿ, ಮುಂದೆ ಬೇಕಾಗುತ್ತವೆ.

ಈಗ ನಾಣ್ಯದ ಮೇಲೆ ಹನಿ ಹನಿಯಾಗಿ ನೀರು ಬಿಡುತ್ತಾ ಹೋಗಿ. ಅಂಚು ದಾಟಿದರೂ ಚೆಲ್ಲದೆ ಮೇಲೆ ಉಬ್ಬಿ ನಿಲ್ಲುತ್ತದೆ. ಒಂದೊಂದು ಬಂಧ ಬಡಕಲಾದರೂ ಎಲ್ಲ ಸೇರಿ ನೀರನ್ನು ಹಿಡಿದಿಡುತ್ತವೆ. ಸೋಪು ಮುಟ್ಟಿಸಿದ ಕಡ್ಡಿ ತಾಗಿಸಿ, ಉಬ್ಬು ಒಡೆದು ಹರಿದುಹೋಗುತ್ತದೆ.

ನಂತರ ಮೂರು ಲೋಟ. ಒಂದರಲ್ಲಿ ಉಪ್ಪು. ಇದರಲ್ಲಿರುವುದು ಅಯಾನು, ಅಂದರೆ ವಿದ್ಯುದಂಶ ಹೊತ್ತ ಕಣ: ಸೋಡಿಯಂ ಧನ ಅಯಾನು, ಕ್ಲೋರೈಡ್ ಋಣ ಅಯಾನು. ಸೋಡಿಯಂ ಸುತ್ತ ನೀರು ಆಕ್ಸಿಜನ್ ಬದಿ ತಿರುಗಿಸಿ ನಿಲ್ಲುತ್ತದೆ, ಕ್ಲೋರೈಡ್ ಸುತ್ತ ಹೈಡ್ರೋಜನ್ ಬದಿ. ಎರಡು ಅಯಾನುಗಳ ನಡುವಿನ ಸೆಳೆತ ನೀರಿನಲ್ಲಿ ಸುಮಾರು 80ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಹರಳು ಕರಗುತ್ತದೆ. ಎರಡನೆಯದರಲ್ಲಿ ಸಕ್ಕರೆ. ಇಲ್ಲಿ ಅಯಾನು ಇಲ್ಲ. ಒಂದು ಸಕ್ಕರೆ ಅಣುವಿನಲ್ಲಿ 8 ಓಎಚ್ (ಆಕ್ಸಿಜನ್-ಹೈಡ್ರೋಜನ್ ಜೋಡಿ) ಗುಂಪುಗಳಿವೆ, ನೀರು ಅವಕ್ಕೆ ಹೈಡ್ರೋಜನ್ ಬಂಧ ಹಾಕಿ ಬಿಡಿಸಿಕೊಳ್ಳುತ್ತದೆ.

ಮೂರನೆಯದು ಕುಸುಬಿ ಎಣ್ಣೆ. ಚಮಚದಿಂದ ಜೋರಾಗಿ ಕಲಕಿ, ಬಿಟ್ಟು ನೋಡಿ. ಸಣ್ಣ ಗುಳ್ಳೆಗಳು ಒಂದಕ್ಕೊಂದು ಕೂಡಿ ದೊಡ್ಡದಾಗಿ ಮೇಲೆ ಪದರ ಕಟ್ಟುತ್ತವೆ. ಎಣ್ಣೆ ಹಗುರ, ಅದಕ್ಕೇ ಬೆರೆಯಲಿಲ್ಲ ಅಂತ ಬಹಳ ಜನ ಬರೆಯುತ್ತಾರೆ. ತಪ್ಪು. ಹಗುರ ಆಗಿರುವುದರಿಂದ ಮೇಲೆ ತೇಲುತ್ತದೆ ಅಷ್ಟೇ. ಬೆರೆಯದಿರುವ ಕಾರಣ ಬೇರೆ: ಎಣ್ಣೆಯ ಉದ್ದ ಬಾಲದಲ್ಲಿ ನೀರಿಗೆ ಹಿಡಿಯಲು ಸಿಗುವ ವಿದ್ಯುದಂಶ ಇಲ್ಲ, ಹಾಗಾಗಿ ಸುತ್ತಲಿನ ನೀರಿನ ಅಣುಗಳು ತಮ್ಮತಮ್ಮಲ್ಲೇ ಬಂಧ ಉಳಿಸಿಕೊಳ್ಳಲು ಶಿಸ್ತಾಗಿ ನಿಲ್ಲಬೇಕಾಗುತ್ತದೆ, ಅವುಗಳ ಓಡಾಟದ ಸ್ವಾತಂತ್ರ್ಯ ಕಡಿಮೆಯಾಗುತ್ತದೆ. ಎಣ್ಣೆ ಒಂದೆಡೆ ಕೂಡಿದರೆ ಹಾಗೆ ಸಿಕ್ಕಿಬೀಳುವ ನೀರು ಕಡಿಮೆ. ಅಂದರೆ ಎಣ್ಣೆಯನ್ನು ಒಟ್ಟುಗೂಡಿಸುವುದು ಮುಖ್ಯವಾಗಿ ನೀರೇ. ಜೀವಕೋಶದ ಪೊರೆ ಕಟ್ಟಿಕೊಳ್ಳುವುದೂ, ಪ್ರೋಟೀನ್ ಮಡಚಿಕೊಳ್ಳುವುದೂ ಬಹುಪಾಲು ಇದೇ ಕಾರಣಕ್ಕೆ.

ಅದೇ ಲೋಟಕ್ಕೆ ಸೋಪು ಕದಡಿ ಹಾಕಿ. ಸೋಪಿನ ಅಣುವಿನ ತಲೆ ನೀರಿಗೆ, ಬಾಲ ಎಣ್ಣೆಗೆ. ಎಣ್ಣೆ ಸಣ್ಣ ಹನಿಗಳಾಗಿ ಚೆದುರಿ ನೀರು ಬೆಳ್ಳಗಾಗುತ್ತದೆ. ಸುಣ್ಣಕಲ್ಲಿನ ನೆಲದ ಬೋರ್‌ವೆಲ್ ನೀರಾದರೆ ನೊರೆ ಬರುವ ಬದಲು ಬಿಳಿ ಗಸಿ ಕೂರಬಹುದು. ನೀರಿನ ಕ್ಯಾಲ್ಸಿಯಂ ಅಯಾನು ಸೋಪಿನ ತಲೆಗಳನ್ನು ಹಿಡಿದುಬಿಟ್ಟಿದೆ ಎಂದರ್ಥ.

ಇನ್ನು ಹಿಟ್ಟು. ಎರಡು ಹಿಡಿ ಹಿಟ್ಟಿಗೆ ತಣ್ಣೀರು ಹಾಕಿ ನಾದಿ, ಬಡಿಯಲು ನೋಡಿ. ಅಂಚು ಸೀಳುತ್ತದೆ, ಎತ್ತಿದರೆ ಹರಿಯುತ್ತದೆ. ಗೋಧಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಪ್ರೋಟೀನ್ ಜೋಳದಲ್ಲಿಲ್ಲ. ಉಳಿದ ಎರಡು ಹಿಡಿ ಪರಾತದಲ್ಲಿ ಹಾಕಿ, ನಡುವೆ ಗುಣಿ ಮಾಡಿ, ಕುದಿಯುವ ಎಸರು ಸುರಿದು ಚಮಚದಿಂದ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ಚೆನ್ನಾಗಿ ನಾದಿ. ಈಗ ಜಿಗುಟು ಬಂದಿದೆ ಅಲ್ವಾ? ಪಿಷ್ಟ ಅಂದರೆ ಗ್ಲೂಕೋಸ್‌ನ ಉದ್ದ ಸರಪಳಿ. ಸರಪಳಿಗಳು ಒಂದಕ್ಕೊಂದು ಹೈಡ್ರೋಜನ್ ಬಂಧದಿಂದ ಬಿಗಿಯಾಗಿ ಕೂತಿರುತ್ತವೆ, ತಣ್ಣೀರಿಗೆ ಒಳಗೆ ಜಾಗ ಸಿಗುವುದಿಲ್ಲ. ಸುಮಾರು 70 ಡಿಗ್ರಿ ದಾಟಿದರೆ ಆ ಬಂಧಗಳು ಸಡಿಲಾಗುತ್ತವೆ. ನೀರು ಒಳನುಗ್ಗಿ ತಾನೇ ಓಎಚ್‌ಗಳಿಗೆ ಬಂಧ ಹಾಕಿಕೊಳ್ಳುತ್ತದೆ, ಕಣ ಊದಿಕೊಳ್ಳುತ್ತದೆ, ಕೆಲವು ಸರಪಳಿ ಹೊರಗೆ ಬಂದು ಹಿಟ್ಟನ್ನು ಹಿಡಿಯುತ್ತವೆ.

ಆ ಎರಡು ಅಂಕಿ ಈಗ ತೆಗೆಯಿರಿ. ಎಸರಿನ ಬಿಸಿ ಚುಕ್ಕಿ ಗೆರೆಗಳನ್ನು ಬಿಡಿಸಿತು, ಆದರೆ ಗ್ಲೂಕೋಸ್‌ಗೆ ಗ್ಲೂಕೋಸ್ ಜೋಡಿಸಿದ ಕೋವೆಲೆಂಟ್ ಬಂಧ ಹಾಗೇ ಉಳಿಯಿತು. ಅದನ್ನು ಕತ್ತರಿಸಲು ನಿಮ್ಮ ಜೊಲ್ಲಿನ ಅಮೈಲೇಸ್ ಕಿಣ್ವ ಬೇಕು. ಡಿಎನ್ಎ ನಕಲು ತೆಗೆಯುವ ಪಿಸಿಆರ್ ಯಂತ್ರದಲ್ಲಿ ಸುಮಾರು 95 ಡಿಗ್ರಿಗೆ ಡಿಎನ್‌ಎಯ ಎರಡು ಎಳೆ ಬೇರೆಯಾದರೂ ಒಂದೊಂದು ಎಳೆ ತುಂಡಾಗದೆ ಉಳಿಯುವುದು ಕೂಡ ಇದೇ ಲೆಕ್ಕ.

ಎಸರು ಹಾಕಿದ ಹಿಟ್ಟಿನಿಂದ ಒಂದು ರೊಟ್ಟಿ ಬಡಿದು, ಬೇಯಿಸಿ, ಒಣಗಲು ಬಿಡಿ. ನೀರು ಹೋದಂತೆ ಸರಪಳಿಗಳು ಮತ್ತೆ ಹತ್ತಿರ ಬಂದು ತಮ್ಮಲ್ಲೇ ಬಂಧ ಹಾಕಿಕೊಳ್ಳುತ್ತವೆ, ರೊಟ್ಟಿ ಖಡಕ್ ಆಗುತ್ತದೆ. ಒಂದು ತುಂಡು ಮುರಿದು ತಣ್ಣೀರಲ್ಲಿ ನೆನೆಸಿ. ಮೆತ್ತಗಾಗುತ್ತದೆ, ಆದರೆ ಅದನ್ನು ನಾದಿ ಮತ್ತೊಂದು ರೊಟ್ಟಿ ಬಡಿಯಲು ಬರುವುದಿಲ್ಲ, ಹೊಸದಾಗಿ ಬಿದ್ದ ಬಂಧಗಳಲ್ಲಿ ಕೆಲವನ್ನು ತಣ್ಣೀರು ಬಿಡಿಸಲಾರದು.